ಕುದಿನೀರಿನ ಶನಿವಾರ

ಮಂಗಳವಾರ ಬೆಳಿಗ್ಗೆ ಮೂರನೆಯ ಮೀನು ಸತ್ತಿತು. ಕೊಂದವರು ಭುಜಂಗ ಶೆಟ್ಟರು. ಗೊತ್ತಿಲ್ಲದೆ ಕೊಂದರು ಎನ್ನುವುದು ಅವರ ಪರವಾಗಿ ಹೇಳಬಹುದಾದ ಒಂದೇ ಮಾತು. ಅವರು ಬದುಕಿನಲ್ಲಿ ಮಾಡಿದ ಹೆಚ್ಚಿನ ಕೆಲಸಗಳ ಬಗ್ಗೆಯೂ ಅದನ್ನೇ ಹೇಳಬಹುದು.

"ಓ ಇವ್ರೇ, ಇನ್ನೊಂದು ಹೋಯ್ತು," ಎಂದು ಅವರ ಹೆಂಡತಿ ಜಯಲತಾ ಹಳೆಯ ಚಹಾ ಜಾಲರಿಯಲ್ಲಿ ಮೀನನ್ನು ಎತ್ತಿ ತೋರಿಸಿದರು.

ಶೆಟ್ಟರು ಪೇಪರು ಕೆಳಗಿಳಿಸಲಿಲ್ಲ. "ಎಷ್ಟಾಯ್ತು?"

"ಮೂರು."

"ಹತ್ತು ಬಂದದ್ದು. ಅರ್ಧ ಸತ್ರೆ ಟ್ಯಾಂಕು ಹೊರಗೆ ಅಂತ ಮೊದ್ಲೇ ಹೇಳಿದ್ದೇನೆ. ಇನ್ನು ಎರಡು ಬಾಕಿ. ಆ ಜಾಲರಿಯಲ್ಲಿ ನಂಗೆ ಚಾ ಸೋಸಬೇಡ."

ಪನ್ವೇಲ್ ಪಕ್ಕದ ಕಾಮೋಠೆಯ ಆ ಫ್ಲ್ಯಾಟಿಗೆ ಟ್ಯಾಂಕು ಬಂದದ್ದು ದೀಪಾವಳಿ ಕಳೆದ ಮೇಲೆ. ಸೊಸೆ ಅಶ್ಮಿತಾಳ ತವರು ಕಲ್ಯಾಣದಲ್ಲಿ. ಅಲ್ಲಿಯ ಕಟ್ಟಡ ಕೆಡವಿ ಹೊಸತು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ, ಅವಳ ಅಪ್ಪ ಅಮ್ಮ ಒಂದು ಸಣ್ಣ ಬಾಡಿಗೆ ಮನೆ ಸೇರಿದರು. ಅಲ್ಲಿ ಅವರಿಬ್ಬರು ಹಿಡಿಸಿದ್ದೇ ಹೆಚ್ಚು, ಮೀನಿಗೆ ಜಾಗ ಇರಲಿಲ್ಲ. ಹಾಗೆ ಎರಡಡಿ ಉದ್ದದ ಗಾಜಿನ ಟ್ಯಾಂಕು, ಹತ್ತು ಮೀನು, ಹಿಂಬದಿಗೆ ನೇತುಹಾಕುವ ಒಂದು ಫಿಲ್ಟರ್ ಪೆಟ್ಟಿಗೆ ಟೆಂಪೋದಲ್ಲಿ ಬಂದವು. ಪೆಟ್ಟಿಗೆಯೊಳಗೆ ಮೂರೇ ಸಾಮಾನು. ಒಂದು ಸ್ಪಂಜು, ಒಂದು ಚೀಲದಲ್ಲಿ ಕರಿ ಕಾರ್ಬನ್, ಮತ್ತೆ ಹೆಚ್ಚಿದ ಬೆಂಡೆಕಾಯಿಯಂತೆ ನಡುವೆ ತೂತಿರುವ ಎರಡು ಮುಷ್ಟಿ ಪಿಂಗಾಣಿ ರಿಂಗು. ಟ್ಯಾಂಕಿನ ನೀರು ಮೇಲೇರಿ, ಈ ಮೂರರ ನಡುವೆ ಹಾದು, ಪುನಃ ಟ್ಯಾಂಕಿಗೆ ಬೀಳುತ್ತದೆ.

ಟ್ಯಾಂಕು ಕೂತ ಹಾಲಿನ ಗೋಡೆಯ ಬಗ್ಗೆ ಶೆಟ್ಟರಿಗೆ ಬೇರೆ ಯೋಚನೆ ಇತ್ತು. ಬೇರೆ ಬೇರೆ ಸಂಘದವರು ಅವರಿಗೆ ಕೊಟ್ಟ ಹನ್ನೊಂದು ಸನ್ಮಾನ ಫಲಕಗಳು ಲಾಫ್ಟಿನ ಮೇಲೆ ಗೋಣಿಯಲ್ಲಿದ್ದವು. ಆ ಹನ್ನೊಂದರಲ್ಲಿ ಒಂಬತ್ತು ಸಮಾರಂಭಗಳಿಗೆ ತಿಂಡಿ ಹೋದದ್ದು ಅವರದೇ ಹೋಟೆಲಿನಿಂದ ಎನ್ನುವುದು ಕಾಕತಾಳೀಯ. ಅವುಗಳಿಗೆ ಒಂದು ಗಾಜಿನ ಶೋಕೇಸು ಮಾಡಿಸಿ, ಒಳಗೆ ಲೈಟು ಹಾಕಿಸಿ, ಸೋಫಾದಲ್ಲಿ ಕೂತು ನೋಡಬೇಕು ಎಂದು ಅವರ ಆಸೆ. ನೋಡುವವರು ಅವರೊಬ್ಬರೇ ಎನ್ನುವುದು ಅವರಿಗೆ ಕೊರತೆ ಅನಿಸಿರಲಿಲ್ಲ.

ಜಯಲತಾ ಅವರಿಗೆ ಆ ಹಾಲಿನಲ್ಲಿ ತಮ್ಮದು ಅಂತ ಇದ್ದದ್ದು ಟ್ಯಾಂಕು ಮಾತ್ರ. ಟಿವಿ ಶೆಟ್ಟರದು, ಸೋಫಾದ ಫ್ಯಾನಿನ ಕೆಳಗಿನ ಬದಿ ಶೆಟ್ಟರದು, ಕಿಟಕಿ ತೆರೆಯುವುದೂ ಮುಚ್ಚುವುದೂ ಶೆಟ್ಟರದು. ಮಧ್ಯಾಹ್ನ ಮೂರು ಗಂಟೆಗೆ, ಶೆಟ್ಟರು ಒಳಗೆ ಗೊರಕೆ ಹೊಡೆಯುವ ಹೊತ್ತಿಗೆ, ಜಯಲತಾ ಸ್ಟೂಲು ಎಳೆದುಕೊಂಡು ಟ್ಯಾಂಕಿನೆದುರು ಕೂತು ಚಹಾ ಕುಡಿಯುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಅವರು ಕೂತು ಕುಡಿದ ಚಹಾ ಅದೊಂದೇ. ಉಳಿದದ್ದೆಲ್ಲ ಒಲೆಯ ಬುಡದಲ್ಲಿ ನಿಂತು ಆದದ್ದು. ಐದನೆಯ ಮೀನು ಸತ್ತರೆ ಸ್ಟೂಲು ಅಡುಗೆಮನೆಗೆ ವಾಪಸ್ಸು.

ಶೆಟ್ಟರು ಕಳಂಬೋಲಿಯ ಕಬ್ಬಿಣ ಮಾರುಕಟ್ಟೆಯ ಗೇಟಿನೆದುರು ಮೂವತ್ತೊಂದು ವರ್ಷ ಹೋಟೆಲು ನಡೆಸಿದವರು. ಶುಚಿ ಎಂದರೆ ಅವರು, ಅವರೆಂದರೆ ಶುಚಿ. ಲೋಟಗಳನ್ನು ಎಂಥ ಬಿಸಿನೀರಿನಲ್ಲಿ ಅದ್ದಿಸುತ್ತಿದ್ದರೆಂದರೆ, ಒಬ್ಬ ಕಬ್ಬಿಣದ ವ್ಯಾಪಾರಿಯ ಹೆಬ್ಬೆಟ್ಟಿನ ಗುರುತು ಲೋಟದ ಮೇಲೆ ಶಾಶ್ವತವಾಗಿ ಉಳಿದು, ಮುಂದೆ ಅವನು ಬ್ಯಾಂಕಿಗೆ ಹೋಗುವಾಗ ಆ ಲೋಟವನ್ನೇ ಒಯ್ಯುತ್ತಿದ್ದ. ಅಷ್ಟು ವರ್ಷದಲ್ಲಿ ಹೋಟೆಲಿನೊಳಗೆ ಬಂದ ನೊಣಗಳು ಎರಡು. ವಿಚಾರಿಸಿದಾಗ ಅವು ಎದುರಿನ ಹೋಟೆಲಿನವು ಎಂದು ತಿಳಿದುಬಂತು.

ಈಗ ಗಲ್ಲಾಪೆಟ್ಟಿಗೆಯ ಮುಂದೆ ಮಗ ಕೀರ್ತನ್ ಕೂರುತ್ತಾನೆ. ಶೆಟ್ಟರು ಅವನಿಗೆ ಬೀಗದ ಕೈ ಕೊಟ್ಟರು, ಸ್ಕೂಟರು ಕೊಟ್ಟರು, ಉಪದೇಶ ಕೊಟ್ಟರು. ಹಳೇ ಹಿಟ್ಟನ್ನು ಮಾತ್ರ ಕೊಡಲಿಲ್ಲ.

ಹಳೇ ಹಿಟ್ಟು ಎಂದರೆ ಹೋಟೆಲಿನ ಇಡ್ಲಿಯ ಪ್ರಾಣ. ಮದುವೆಯಾಗಿ ಊರಿನಿಂದ ಬರುವಾಗ ಜಯಲತಾ ತವರಿನ ಹುಳಿಬಂದ ಹಿಟ್ಟನ್ನು ಒಂದು ಮುಚ್ಚಳದ ಪಾತ್ರೆಯಲ್ಲಿ ತುಂಬಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ಕೊಲ್ಹಾಪುರದಲ್ಲಿ ಅದು ಮುಚ್ಚಳ ಎತ್ತಿತು. ಪುಣೆಯಲ್ಲಿ ಸೀಟಿಗಿಳಿಯಿತು. ಪನ್ವೇಲ್ ಬರುವಾಗ ಪಕ್ಕದ ಸೀಟಿನವನ ಅಂಗಿಯ ಜೇಬಿನಲ್ಲಿತ್ತು. ಉಳಿದದ್ದರಲ್ಲಿ ಒಂದು ಸೌಟು ಹೊಸ ಹಿಟ್ಟಿಗೆ ಬೆರೆಸಿ, ಅದರಲ್ಲಿ ಒಂದು ಲೋಟ ಮರುದಿನಕ್ಕೆ ತೆಗೆದಿಟ್ಟು, ಹೀಗೆ ಒಂದು ದಿನವೂ ತಪ್ಪದೆ ನಡೆದುಬಂದಿದೆ. ಈಗ ಅದು ಫ್ಲ್ಯಾಟಿನ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿದೆ. ಸಂಜೆ ಆರೂವರೆಗೆ ಕೀರ್ತನ್ ಬರುತ್ತಾನೆ, ಶೆಟ್ಟರು ಒಂದು ಸೌಟು ಬಡಿಸುತ್ತಾರೆ, ಅವನು ಅದನ್ನು ಹೋಟೆಲಿಗೆ ಒಯ್ದು ರುಬ್ಬಿದ ಹಿಟ್ಟಿಗೆ ಬೆರೆಸುತ್ತಾನೆ. ಮೂವತ್ತನಾಲ್ಕು ವರ್ಷದ ಮಾಲೀಕ ದಿನಾ ಸಂಜೆ ಡಬ್ಬಿ ಹಿಡಿದು ಅಪ್ಪನೆದುರು ನಿಲ್ಲುವುದನ್ನು ನೋಡಿದರೆ ದೇವಸ್ಥಾನದ ಪ್ರಸಾದದ ಸಾಲು ನೆನಪಾಗುತ್ತಿತ್ತು. ಹಿಟ್ಟು ತಂದವರು ಯಾರು ಎನ್ನುವುದನ್ನು ಎಲ್ಲರೂ ಮರೆತಿದ್ದರು.

ಇಂಥ ಶೆಟ್ಟರು ಟ್ಯಾಂಕು ಬಂದ ಮೊದಲ ವಾರವೇ ಫಿಲ್ಟರಿನ ಮುಚ್ಚಳ ತೆಗೆದು ಒಳಗೆ ಕೈ ಹಾಕಿದರು. ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು. ರಿಂಗುಗಳ ಮೇಲೆ ಲೋಳೆ.

"ಛೀ. ಇದರಲ್ಲಿ ಹಾದ ನೀರು ಮೀನಿಗೆ ಹೋಗುದಾ? ಈ ಕೊಳೆ ನನ್ನ ಹೋಟೆಲಲ್ಲಿ ಇದ್ದಿದ್ರೆ ನಾನು ನೇಣು ಹಾಕಿಕೊಳ್ತಿದ್ದೆ."

"ಪಪ್ಪಾ, ಉಸ್ಕೋ ಹಾಥ್ ಮತ್ ಲಗಾವೋ. ಡ್ಯಾಡಿ ಕಭೀ ನಹೀ ಧೋತೇ ಥೇ," ಎಂದು ಅಶ್ಮಿತಾ ತಡೆದಳು. ಅವಳ ಅಪ್ಪ ಅದನ್ನು ಯಾವತ್ತೂ ತೊಳೆಯುತ್ತಿರಲಿಲ್ಲವಂತೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬಂದಾಗ ಹಿಂದಿಯೇ ಬರುತ್ತದೆ. ಈ ಮನೆಗೆ ಬಂದಾಗಿನಿಂದ ಅವಳ ಹಿಂದಿ ಬಹಳ ಸುಧಾರಿಸಿತ್ತು.

"ಅದಕ್ಕೇ ನಿನ್ನ ಅಪ್ಪನ ಕಟ್ಟಡ ಬಿದ್ದದ್ದು."

"ಬಿದ್ದಿಲ್ಲ ಪಪ್ಪಾ. ರಿಡೆವಲಪ್‌ಮೆಂಟ್."

"ಎರಡೂ ಒಂದೇ."

ಅಂದಿನಿಂದ ಪ್ರತಿ ಶನಿವಾರ ಶೆಟ್ಟರು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದರು. ಅದಕ್ಕೆ ಎರಡು ಚಮಚ ವಾಷಿಂಗ್ ಸೋಡ. ಅದರಲ್ಲಿ ಸ್ಪಂಜು, ರಿಂಗು, ಕಾರ್ಬನ್ ಎಲ್ಲವನ್ನೂ ಹಾಕಿ, ಸೌಟಿನಲ್ಲಿ ತಿರುವಿ, ಐದು ಸಲ ನಲ್ಲಿ ನೀರಿನಲ್ಲಿ ಜಾಲಿಸಿ, ಬಾಲ್ಕನಿಯಲ್ಲಿ ಹಪ್ಪಳದಂತೆ ಬಿಸಿಲಿಗೆ ಹರಡಿದರು. ಸಂಜೆಗೆ ಕಾರ್ಬನ್ ಬಿಟ್ಟು ಉಳಿದದ್ದೆಲ್ಲ ಹೊಸತರಂತೆ ಬೆಳ್ಳಗೆ. ಪ್ರತಿ ಮಂಗಳವಾರ ಬೆಳಿಗ್ಗೆ ಒಂದು ಮೀನು ಮೇಲೆ ತೇಲುತ್ತಿತ್ತು.

ಮುಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂಗುಡೆ ಮೀನಿನ ಪುಳಿಮುಂಚಿ. ನಡುವಿನ ತುಂಡುಗಳು ಶೆಟ್ಟರ ತಟ್ಟೆಗೂ ಮಗನ ತಟ್ಟೆಗೂ ಹೋದ ಮೇಲೆ ಜಯಲತಾ ಬಾಲದ ತುಂಡು ಹಾಕಿಕೊಂಡು ಕೂತರು.

"ಶನಿವಾರ ನೀವು ತೊಳೀತೀರಿ. ಮಂಗಳವಾರ ಒಂದು ಸಾಯ್ತದೆ. ಮೂರು ವಾರ ಹಾಗೇ ಆಯ್ತು," ಎಂದರು.

"ಅಂದ್ರೆ?"

"ಅಂದ್ರೆ ತೊಳೆಯುದು ಬೇಡ ಅಂತ."

ಶೆಟ್ಟರು ಮುಳ್ಳು ತೆಗೆದು ತಟ್ಟೆಯ ಬದಿಗಿಟ್ಟರು. "ಅಂದ್ರೆ ವಾರಕ್ಕೆ ಒಂದು ಸಲ ಸಾಕಾಗುದಿಲ್ಲ ಅಂತ. ಬುಧವಾರ ಸಹ ತೊಳೆಯುವ."

"ಯೇ ಕ್ಯಾ ಲಾಜಿಕ್ ಹೈ," ಎಂದು ಅಶ್ಮಿತಾ ಗಂಡನ ಕಡೆ ನೋಡಿದಳು. "ನೀನಾದ್ರೂ ಏನಾದ್ರೂ ಬೋಲ್."

ಕೀರ್ತನ್ ಯಾರ ಪಕ್ಷವನ್ನೂ ಹಿಡಿಯಲಿಲ್ಲ, ಫೋನು ಹಿಡಿದ. ಅವನಲ್ಲಿ ಬೆನ್ನೆಲುಬು ಇರಲಿಲ್ಲವೆಂದಲ್ಲ. ಅವನು ಅದನ್ನು ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟು ಮನೆಗೆ ಬರುತ್ತಿದ್ದ.

"ಹಾಗಾದ್ರೆ ಈ ಟ್ಯಾಂಕು ತಕ್ಕೊಂಡ ಕಲ್ಯಾಣದ ಅಂಗಡಿಯಲ್ಲಿ ಒಂದು ಸಲ ಕೇಳುವ," ಎಂದರು ಜಯಲತಾ.

"ಎಂತ ಗೊತ್ತುಂಟು ನಿಂಗೆ? ಶುಚಿತ್ವದ ಬಗ್ಗೆ ಅಂಗಡಿಯವನತ್ರ ಕೇಳ್ಬೇಕಾ ನಾನು?" ಶೆಟ್ಟರು ಕೈ ನೆಕ್ಕಿದರು. "ನೋಡುವ."

ನೋಡುವ ಎನ್ನುವುದು ಶೆಟ್ಟರ ಗೃಹಾಡಳಿತದ ಮುಖ್ಯ ಪದ. ಜಯಲತಾ ತಂಗಿಯ ಮಗಳ ಮದುವೆಗೆ ಎರಡು ದಿನ ಮೊದಲೇ ಹೋಗುತ್ತೇನೆ ಎಂದರೆ, ನೋಡುವ. ಮಂಡಿ ನೋಯುತ್ತದೆ, ಡಾಕ್ಟರಿಗೆ ತೋರಿಸುವ ಎಂದರೆ, ನೋಡುವ. 2009ರಲ್ಲಿ ಅವರು ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನು ಕೇಳಿದ್ದರು. ಶೆಟ್ಟರು ಅದನ್ನು ಇನ್ನೂ ನೋಡುತ್ತಿದ್ದಾರೆ.

ಬುಧವಾರವೂ ಕುದಿಸಿದರು. ಶುಕ್ರವಾರ ನಾಲ್ಕನೆಯದು ಸತ್ತಿತು. ಉಳಿದ ಆರು ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಶೆಟ್ಟರು ಟೇಪು ತಂದು ಗೋಡೆ ಅಳೆದರು.

ಮರುದಿನ ಶೆಟ್ಟರು ಪಾತ್ರೆಗೆ ನೀರು ತುಂಬಿಸುತ್ತಿರುವಾಗಲೇ ಜಯಲತಾ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿಸಿ, ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, "ಕಲ್ಯಾಣದಲ್ಲಿ ಬೀಗರನ್ನು ನೋಡಿ ಬರ್ತೇನೆ," ಎಂದರು. ಶೆಟ್ಟರು ಯೋಚಿಸಿ "ನೋಡುವ" ಎನ್ನುವಷ್ಟರಲ್ಲಿ ಅವರು ಕಳಂಬೋಲಿ ಸರ್ಕಲಿನಲ್ಲಿ ಬಸ್ಸು ಹತ್ತಿಯಾಗಿತ್ತು.

ಟ್ಯಾಂಕು ಮಾರಿದ ಶಂಕ್ರೆಪ್ಪನ ಅಂಗಡಿ ಕಲ್ಯಾಣ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ. ನಾಲ್ಕಡಿ ಅಗಲ, ಛಾವಣಿಯವರೆಗೂ ಟ್ಯಾಂಕು. ಗದಗದ ಕಡೆಯವನು, ಬಂದು ಮೂವತ್ತು ವರ್ಷವಾದರೂ ಮಾತು ಊರು ಬಿಟ್ಟಿರಲಿಲ್ಲ. ಅವನು ಬಾಟಲಿಯ ನೀರನ್ನು ಒಂದು ಸಣ್ಣ ಗಾಜಿನ ಕೊಳವೆಗೆ ಹಾಕಿ, ನಾಲ್ಕು ಹನಿ ಔಷಧ ಬಿಟ್ಟ. ನೀರು ಗಿಳಿಹಸಿರಾಯಿತು.

"ಇದು ನೀರಲ್ರಿ ಅಕ್ಕಾರ, ಇಷ. ಫಿಲ್ಟರ್ ಯಾರು ತೊಳೀತಾರ್ರಿ?"

"ನಮ್ಮ ಯಜಮಾನ್ರು."

"ಏನ್ ಹಾಕಿ?"

"ಕುದಿ ನೀರು, ಸೋಡ. ಮತ್ತೆ ಬಿಸಿಲು."

ಶಂಕ್ರೆಪ್ಪ ಕೊಳವೆಯನ್ನು ಕೆಳಗಿಟ್ಟ. "ಮೀನಿನ ಮ್ಯಾಲ ಏನ್ ಸಿಟ್ಟೈತ್ರಿ ಅವರಿಗೆ?"

"ಮೀನಿನ ಮೇಲೆ ಅಲ್ಲ, ಕೊಳೆಯ ಮೇಲೆ."

"ಅದು ಕೊಳಿ ಅಲ್ರಿ. ಮೀನು ತಿಂದಲ್ಲೇ ಹೇಲತಾವು. ಆ ಹೊಲಸು ನೀರಾಗ ಇಷ ಆಗ್ತೈತಿ. ಆ ಇಷಾನ ತಿಂದು ಬದುಕೋ ಸಣ್ಣ ಜೀವ ಅದಾವು, ಕಣ್ಣಿಗಿ ಕಾಣಂಗಿಲ್ಲ. ಸ್ಪಂಜಿನ್ಯಾಗ, ರಿಂಗಿನ್ಯಾಗ ಮನಿ ಮಾಡ್ಕೊಂಡಿರ್ತಾವು. ಆ ಕಂದು ಲೋಳಿನ ಫಿಲ್ಟರು, ಉಳಿದದ್ದು ಬರೇ ಡಬ್ಬಿ. ನಿಮ್ಮ ಯಜಮಾನ್ರು ವಾರಾ ವಾರಾ ಅವನ್ನ ಕುದಿಸಿ ಸಾರು ಮಾಡ್ಯಾರ."

ಜಯಲತಾ ಗಿಳಿಹಸಿರು ನೀರನ್ನು ನೋಡಿದರು. "ಅಂದ್ರೆ ಇಡ್ಲಿ ಹಿಟ್ಟಿನ ಹಾಗೆ. ಹಳೇದು ಒಂದು ಸೌಟು ಉಳಿಸದಿದ್ರೆ ಹೊಸದು ಉಬ್ಬುದಿಲ್ಲ."

"ಬರೋಬ್ಬರಿ. ಇಷ್ಟು ಲಗೂ ತಿಳ್ಕೊಂಡಾವ್ರು ನೀವ ಮೊದಲು. ಡಾಕ್ಟ್ರು, ಇಂಜಿನೀರು ಎಲ್ಲಾ ಬಂದು ಅರ್ಧಾ ತಾಸು ತಲಿ ತಿಂತಾರ."

ಅವನು ಬೆರಳು ಮಡಚುತ್ತ ಹೇಳಿದ. ಸ್ಪಂಜನ್ನು ಹದಿನೈದು ದಿನಕ್ಕೊಮ್ಮೆ, ಟ್ಯಾಂಕಿನಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ನಲ್ಲಿ ನೀರು ತಾಗಿಸಬಾರದು, ಅದರ ಕ್ಲೋರಿನ್ನಿಗೇ ಆ ಜೀವಗಳು ಸಾಯುತ್ತವೆ. ಕಾರ್ಬನ್ ತೊಳೆದು ಪ್ರಯೋಜನವಿಲ್ಲ, ತಿಂಗಳಿಗೊಮ್ಮೆ ಎಸೆದು ಹೊಸತು ಹಾಕಬೇಕು. ರಿಂಗು ಪುಡಿಯಾಗುವವರೆಗೆ ಮುಟ್ಟಲೇಬಾರದು. ಪುಡಿಯಾದರೂ ಈ ತಿಂಗಳು ಅರ್ಧ ಬದಲಿಸಿ, ಮುಂದಿನ ತಿಂಗಳು ಉಳಿದರ್ಧ.

"ಹಳೇದು ಹೊಸದಕ್ಕ ಕಲಿಸಿಕೊಡ್ಬೇಕ್ರಿ. ಒಮ್ಮೇಕ ಎಲ್ಲಾ ಬದ್ಲಿ ಮಾಡಿದ್ರ ಕಲಿಸಾವ್ರು ಯಾರು?"

ಕೊನೆಗೆ ತನ್ನ ಅಂಗಡಿಯ ದೊಡ್ಡ ಟ್ಯಾಂಕಿನ ಫಿಲ್ಟರಿನಿಂದ ಎರಡು ಮುಷ್ಟಿ ಲೋಳೆ ಹಿಡಿದ ರಿಂಗು, ಒಂದು ಕಂದು ಸ್ಪಂಜು ತೆಗೆದು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟ. ಜಯಲತಾ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಪಕ್ಕದ ಸೀಟಿನವನು ಚೀಲ ನೋಡಿ ಮೂಗು ಮುಚ್ಚಿಕೊಂಡ. ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ಒಂದು ಗಂಟೆ ನಿಂತಿತು. ಈ ಸಲ ಯಾರ ಜೇಬಿಗೂ ಏನೂ ಹೋಗಲಿಲ್ಲ.

ಮನೆಗೆ ಬಂದು ಹೇಳಿದರು. ಶೆಟ್ಟರು ಪೂರ್ತಿ ಕೇಳಲಿಲ್ಲ.

"ಕಣ್ಣಿಗೆ ಕಾಣದ ಜೀವ ಅಂತೆ. ಕಾಣುದಿಲ್ಲ ಅಂದ ಮೇಲೆ ಉಂಟು ಅಂತ ಅವನಿಗೆ ಹೇಗೆ ಗೊತ್ತು? ಕೊಳೆಯನ್ನು ದುಡ್ಡು ಕೊಟ್ಟು ತಂದ ಹೆಂಗಸು ಅಂತ ನಿಂಗೆ ಒಂದು ಫಲಕ ಕೊಡ್ಬೇಕು."

"ದುಡ್ಡು ತಕ್ಕೊಳ್ಳಲಿಲ್ಲ ಅವ."

"ಹಾಗಾದ್ರೆ ಅವನೂ ನಿನ್ನ ಹಾಗೇ."

ಅಡುಗೆಮನೆಯಲ್ಲಿ ಅಶ್ಮಿತಾ ಚಪಾತಿ ಲಟ್ಟಿಸುತ್ತ ದನಿ ತಗ್ಗಿಸಿದಳು. "ಮಮ್ಮಿ, ಆರ್ಗ್ಯುಮೆಂಟ್ ಮಾಡ್ಬೇಡಿ. ಪಪ್ಪಾಗೆ ಡುಪ್ಲಿಕೇಟ್ ಕೊಡಿ. ಉಬಾಲ್ನೇ ದೋ, ಕುದಿಸ್ಲಿ."

ಹಾಗೆಯೇ ಆಯಿತು. ಶೆಟ್ಟರು ಕುದಿಸಿ ಬಿಳುಪಾಗಿಸಿದ ರಿಂಗು, ಸ್ಪಂಜು ಕುದಿಸುವುದಕ್ಕೆಂದೇ ಮೀಸಲಾದವು. ಶಂಕ್ರೆಪ್ಪ ಕೊಟ್ಟದ್ದು ವಾರವಿಡೀ ಫಿಲ್ಟರಿನಲ್ಲಿ ಕೆಲಸ ಮಾಡುತ್ತಿತ್ತು. ತೊಳೆಯುವ ದಿನದ ಬೆಳಿಗ್ಗೆ, ಶೆಟ್ಟರು ವಾಕಿಂಗಿಗೆ ಹೋದಾಗ, ಜಯಲತಾ ಅದನ್ನು ಬೆಳ್ಳುಳ್ಳಿ ಬರುವ ಬಲೆಚೀಲದಲ್ಲಿ ಹಾಕಿ ಟ್ಯಾಂಕಿನೊಳಗೇ ಪ್ಲಾಸ್ಟಿಕ್ ಕೋಟೆಯ ಹಿಂದೆ ಮುಳುಗಿಸುತ್ತಿದ್ದರು. ಫಿಲ್ಟರಿಗೆ ಡುಪ್ಲಿಕೇಟು, ಅದಕ್ಕೆ ಸ್ವಲ್ಪ ಚಹಾದ ಚರಟ ಸವರಿ. ಶೆಟ್ಟರು ಬಂದು "ನೋಡು, ಎಷ್ಟು ಕೊಳೆ," ಎಂದು ಸಂತೋಷದಿಂದ ಕುದಿಸುತ್ತಿದ್ದರು. ಸಂಜೆ ಅವರು ಟಿವಿ ಹಾಕಿದ ಮೇಲೆ ಎಲ್ಲ ಪುನಃ ಅದಲುಬದಲು.

ಮೂರು ವಾರ ಒಂದು ಮೀನೂ ಸಾಯಲಿಲ್ಲ. ಆರು ಮೀನುಗಳು ಕೆಳಗಿಳಿದು ಓಡಾಡಿದವು. ಅವುಗಳಲ್ಲಿ ದಪ್ಪನೆಯ ಕಿತ್ತಳೆ ಬಣ್ಣದ್ದೊಂದು ದಿನವಿಡೀ ಬಾಯಿ ಆಡಿಸುತ್ತ, ಬೇರೆ ಮೀನುಗಳಿಗೆ ದಾರಿ ಬಿಡದೆ ನಡುವೆ ನಿಲ್ಲುತ್ತಿತ್ತು. ಅಶ್ಮಿತಾ ಗುಟ್ಟಾಗಿ ಅದಕ್ಕೆ ಪಪ್ಪಾ ಎಂದು ಹೆಸರಿಟ್ಟಿದ್ದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶೆಟ್ಟರಂಥವರಿರುವ ಮನೆಯಲ್ಲಿ ಒಳ್ಳೆಯದಾದರೆ ಅದಕ್ಕೊಬ್ಬ ಯಜಮಾನ ಹುಟ್ಟಿಕೊಳ್ಳುತ್ತಾನೆ.

"ಕಂಡಿಯಾ? ವಾರಕ್ಕೆ ಎರಡು ಸಲ ಕುದಿಸಿದ್ದಕ್ಕೆ ಸಾವು ನಿಂತಿತು," ಎಂದರು ಶೆಟ್ಟರು. "ನಿನ್ನ ಮಾತು ಕೇಳಿದ್ರೆ ಎಲ್ಲ ಸ್ವರ್ಗಕ್ಕೆ ಹೋಗ್ತಿತ್ತು."

ಜಯಲತಾ ಮೀನುಗಳಿಗೆ ಒಂದು ಚಿಟಿಕೆ ಆಹಾರ ಉದುರಿಸಿದರು. ಡುಪ್ಲಿಕೇಟಿನ ಸಂಗತಿ ಹೇಳುವ ಹಾಗಿರಲಿಲ್ಲ.

ಜನವರಿಯ ಎರಡನೆಯ ವಾರ ಊರವರ ಸಂಘದ ಕಾರ್ಯದರ್ಶಿ ಯಜ್ಞೇಶ್ವರ ಬಂದರು. ಇನ್ಶೂರೆನ್ಸ್ ಏಜೆಂಟರು. ಎಲ್ಲಿ ಕೂತರೂ ಆ ಮನೆಯಲ್ಲಿ ಯಾರು ಮೊದಲು ಸಾಯಬಹುದು ಎಂದು ಕಣ್ಣಲ್ಲೇ ಲೆಕ್ಕ ಹಾಕುವ ಮನುಷ್ಯ.

"ಭುಜಂಗಣ್ಣ, ಈ ಸಲ 'ಶುಚಿತ್ವ ರತ್ನ' ನಿಮಗೇ. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಬರ್ತೇವೆ. ಮನೆಯಲ್ಲೇ ಒಂದು ವಿಡಿಯೋ ಮಾಡುವ. ತಿಂಡಿಗೆ ಎಂತ ಮಾಡ್ಬೇಡಿ, ನಿಮ್ಮ ಆ ಇಡ್ಲಿ ಇದ್ರೆ ಸಾಕು. ಚಟ್ನಿ ಎರಡು ಬಗೆ ಮಾಡಿ. ಸಾಂಬಾರು ಹೇಗೂ ಇರ್ತದೆ."

"ಟ್ಯಾಂಕಿನೆದುರು ನಿಂತು ಮಾತಾಡ್ತೇನೆ," ಎಂದರು ಶೆಟ್ಟರು. "ಸಾಯುವ ಮೀನುಗಳನ್ನು ಕುದಿನೀರಿನಿಂದ ಬದುಕಿಸಿದ್ದು ಹೇಗೆ ಅಂತ ಜನಕ್ಕೆ ಗೊತ್ತಾಗ್ಲಿ."

ಯಜ್ಞೇಶ್ವರ ಹೋದ ಮೇಲೆ ಅವರು ಟ್ಯಾಂಕಿನೆದುರು ಆಚೆ ಈಚೆ ನಡೆದರು. "ವಿಡಿಯೋದಲ್ಲಿ ಹೊಳೀಬೇಕು ಇದು. ಶನಿವಾರ ಪೂರ್ತಿ ಖಾಲಿ ಮಾಡುವ. ನೀರು, ಕಲ್ಲು, ಆ ಕೋಟೆ, ಎಲ್ಲ ಕುದಿಸುವ. ಮೀನನ್ನು ನಲ್ಲಿ ನೀರಿನ ಬಕೆಟಿಗೆ ಹಾಕಿದ್ರಾಯ್ತು."

"ಎಲ್ಲ ಸಾಯ್ತದೆ," ಎಂದರು ಜಯಲತಾ.

"ಸಾಯ್ಲಿಕ್ಕೆ ನಾನು ಕುದಿಸುದೇನು ಇವತ್ತು ಶುರು ಮಾಡಿದ್ದಾ?"

"ನಾನು ಹೇಳುದನ್ನು ಒಂದೇ ಒಂದು ಸಲ ಕೇಳಿ."

"ನಿನ್ನತ್ರ ಕೇಳಿದ್ನಾ ನಾನು? ಒಳಗೆ ಹೋಗಿ ಚಟ್ನಿಗೆ ತೆಂಗಿನಕಾಯಿ ಉಂಟಾ ನೋಡು."

ಅಶ್ಮಿತಾ ಗಂಡನನ್ನು ಬೆಡ್‌ರೂಮಿಗೆ ಕರೆದಳು. "ನೀನು ಪಪ್ಪಾಗೆ ಮಾತಾಡು. ಕೋಟೆ ಎತ್ತಿದ್ರೆ ಮಮ್ಮಿಯ ಚೀಲ ದಿಖ್ ಜಾಯೇಗಾ. ಮೀನೂ ಹೋಗ್ತದೆ, ಟ್ಯಾಂಕೂ ಹೋಗ್ತದೆ."

"ನಾನು ಮಾತಾಡಿದ್ರೆ ಸಂಜೆ ಹಿಟ್ಟು ಕೊಡುದಿಲ್ಲ ಅವರು," ಎಂದ ಕೀರ್ತನ್. ಹೇಡಿಯಾದರೂ ಅವನು ಹೇಳಿದ್ದು ಸತ್ಯ. ಮಾತು ಅಡುಗೆಮನೆಗೆ ಕೇಳಿಸಿತು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಒಳಗೆ ಗೊರಕೆ. ಜಯಲತಾ ಆ ದಿನ ಟ್ಯಾಂಕಿನೆದುರು ಕೂರಲಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟರು. ಹಳೇ ಹಿಟ್ಟಿನ ಡಬ್ಬಿ ತೆಗೆದು, ಒಂದು ಬಟ್ಟಲಷ್ಟು ಬೇರೆ ಸುರಿದು, ಮುಚ್ಚಿ, ಎಲ್ಲಿಯೋ ಇಟ್ಟರು. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದರು. ಡಬ್ಬಿಗೆ ಕುದಿನೀರು, ಎರಡು ಚಮಚ ವಾಷಿಂಗ್ ಸೋಡ. ಉಜ್ಜಿದರು, ಐದು ಸಲ ನಲ್ಲಿ ನೀರಿನಲ್ಲಿ ಜಾಲಿಸಿದರು, ಬಾಲ್ಕನಿಯಲ್ಲಿ ಬಿಸಿಲಿಗಿಟ್ಟರು. ಆಮೇಲೆ ಅದರಲ್ಲಿ ಆಗಷ್ಟೇ ರುಬ್ಬಿದ ಹಿಟ್ಟು ತುಂಬಿಸಿದರು. ನೋಡಲಿಕ್ಕೆ ಹಳೆಯದಕ್ಕಿಂತ ಬೆಳ್ಳಗೆ, ಚೆಂದ.

ಆರೂವರೆಗೆ ಕೀರ್ತನ್ ಬಂದ. ಶೆಟ್ಟರು ಫೋನಿನಲ್ಲಿ ಯಜ್ಞೇಶ್ವರರಿಗೆ ಶುಚಿತ್ವದ ಮೂರು ಸೂತ್ರ ವಿವರಿಸುತ್ತಲೇ ಒಂದು ಸೌಟು ಬಡಿಸಿದರು. ಮೂಸಿ ನೋಡಲಿಲ್ಲ. ತಮ್ಮದೇ ಮಾತಿನ ಘಮದಲ್ಲಿ ಬೇರೆ ವಾಸನೆ ಅವರಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಶೆಟ್ಟರು ಲುಂಗಿ ಎತ್ತಿ ಕಟ್ಟಿ, ಒಲೆಯ ಮೇಲೆ ನೀರಿಟ್ಟು, ನೀರು ಹೊರಗೆಳೆಯುವ ಪೈಪಿನ ಒಂದು ತುದಿಯನ್ನು ಟ್ಯಾಂಕಿನೊಳಗೆ ಬಿಟ್ಟರು. ಇನ್ನೊಂದು ತುದಿ ಬಕೆಟಿನಲ್ಲಿ. ನೀರು ಇಳಿಯತೊಡಗಿತು. ಆಗ ಫೋನು ಬಂತು.

"ಪಪ್ಪಾ, ಇಡ್ಲಿ ಉಬ್ಬಲಿಲ್ಲ."

"ಉಬ್ಬಲಿಲ್ಲ ಅಂದ್ರೆ?"

"ಅಂದ್ರೆ ಉಬ್ಬಲಿಲ್ಲ. ಹಿಟ್ಟು ರುಬ್ಬಿದ ಹಾಗೇ ಉಂಟು. ಮೂರು ಒಬ್ಬೆ ತೆಗೆದೆವು, ಎಲ್ಲ ಚಪ್ಪಟೆ. ಜನ ನಗಾಡ್ತಿದ್ದಾರೆ. ಒಬ್ಬ ವ್ಯಾಪಾರಿ ಕೈಯಲ್ಲಿ ಎತ್ತಿ ನೋಡಿ, ಇದು ಎಂಟು ಎಂಎಂ ಪ್ಲೇಟಾ ಹತ್ತು ಎಂಎಮ್ಮಾ ಅಂತ ಕೇಳಿದ. ಇನ್ನೊಬ್ಬ ಟನ್ನಿಗೆ ರೇಟು ಕೇಳ್ತಿದ್ದಾನೆ."

ಆ ಇಡ್ಲಿಗಳಲ್ಲಿ ಒಂದನ್ನು ಟ್ರಕ್ಕಿನ ಚಕ್ರಕ್ಕೆ ಅಡ್ಡ ಇಟ್ಟರೆಂದೂ, ಟ್ರಕ್ಕು ಇಳಿಜಾರಿನಲ್ಲಿ ಅಲುಗಾಡಲಿಲ್ಲವೆಂದೂ ಕಳಂಬೋಲಿಯಲ್ಲಿ ಈಗಲೂ ಹೇಳುತ್ತಾರೆ.

ಶೆಟ್ಟರು ಅಡುಗೆಮನೆಗೆ ಧಾವಿಸಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಹುಳಿವಾಸನೆ ಇಲ್ಲ. ಒಂದು ಗುಳ್ಳೆ ಇಲ್ಲ.

"ಜಯಾ. ಇದಕ್ಕೆ ಎಂತ ಆಯ್ತು?"

"ತೊಳೆದೆ," ಎಂದರು ಜಯಲತಾ. ತೆಂಗಿನಕಾಯಿ ತುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಾಳೆ ನಾಲ್ಕು ಜನ ಬರ್ತಾರೆ. ಡಬ್ಬಿಯ ಬದಿಯಲ್ಲೆಲ್ಲ ಲೋಳೆ, ಹುಳಿವಾಸನೆ. ಕುದಿ ನೀರು, ಸೋಡ ಹಾಕಿ ಚೆನ್ನಾಗಿ ತಿಕ್ಕಿದೆ. ಬಿಸಿಲಿಗೂ ಇಟ್ಟೆ. ನೀವು ಹೇಳಿಕೊಟ್ಟದ್ದೇ."

"ಮಂಡೆ ಸಮ ಉಂಟಾ ನಿಂಗೆ? ಮೂವತ್ತೈದು ವರ್ಷದ ಹಿಟ್ಟು ಅದು. ಕೊಳೆಯಾ ಅದು? ಅದಕ್ಕೆ ಜೀವ ಉಂಟು ಮಾರಾಯ್ತಿ. ಆ ಹುಳಿಯಲ್ಲೇ ಇರುದು ಎಲ್ಲ. ಅದನ್ನು ಕುದಿಸಿದ್ರೆ ಸಾಯುದಿಲ್ವಾ?"

"ಜೀವ ಕಣ್ಣಿಗೆ ಕಾಣ್ತದಾ?"

"ಕಾಣುದಿಲ್ಲ. ಕಾಣದಿದ್ರೆ ಇಲ್ಲ ಅಂತಾ?"

ಹೇಳಿದ ಮೇಲೆ ಶೆಟ್ಟರು ನಿಂತಲ್ಲೇ ನಿಂತರು. ಹಾಲಿನಲ್ಲಿ ಪೈಪಿನಿಂದ ಬಕೆಟಿಗೆ ನೀರು ಬೀಳುವ ಸದ್ದು. ಟ್ಯಾಂಕು ಅರ್ಧಕ್ಕಿಳಿದಿತ್ತು. ಬೆಡ್‌ರೂಮಿನ ಬಾಗಿಲಲ್ಲಿ ಅಶ್ಮಿತಾ ಆಫೀಸಿನ ಬ್ಯಾಗು ಹಿಡಿದು ನಿಂತಿದ್ದಳು. ಅವಳಿಗೆ ಬೇಲಾಪುರದ ಲೋಕಲ್ ರೈಲು ತಪ್ಪಿತ್ತು, ತಪ್ಪಿದ್ದಕ್ಕೆ ಬೇಸರವಿದ್ದಂತೆ ಕಾಣಲಿಲ್ಲ.

"ನಾಳೆ ಅವರು ಬರ್ತಾರೆ," ಎಂದರು ಶೆಟ್ಟರು. ದನಿ ಒಂದು ಮೆಟ್ಟಿಲು ಇಳಿದಿತ್ತು. "ಇಡ್ಲಿಗೆಂತ ಮಾಡುದು?"

"ಹಳೇದು ಒಂದು ಬಟ್ಟಲು ತೆಗೆದಿಟ್ಟಿದ್ದೇನೆ."

"ಎಲ್ಲಿ?"

ಜಯಲತಾ ತುರಿಮಣೆಯಿಂದ ಎದ್ದರು. ಮಂಡಿ ನೋವಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಮೊದಲು ಪೈಪು ತೆಗೀರಿ."

ಶೆಟ್ಟರು ಅಶ್ಮಿತಾಳ ಕಡೆ ನೋಡಿದರು. ಅವಳು ಮೀನಿನ ಕಡೆ ನೋಡುತ್ತಿದ್ದಳು. ಅವರು ಹೋಗಿ ಪೈಪು ತೆಗೆದರು.

"ಒಲೆ ಆರಿಸಿ."

ಆರಿಸಿದರು.

"ಇನ್ನು ಫಿಲ್ಟರ್ ನಾನು ನೋಡಿಕೊಳ್ತೇನೆ. ಟ್ಯಾಂಕು ಅಲ್ಲೇ ಇರ್ತದೆ. ಹಿಟ್ಟಿನ ಡಬ್ಬಿ ಸಹ ಇನ್ನು ನನ್ನತ್ರ. ನಾನು ತಂದದ್ದು ಅದು, ನಿಮ್ಗೆ ನೆನಪಿಲ್ಲ." ಅವರು ಒಂದು ಕ್ಷಣ ಯೋಚಿಸಿದರು. "ಮತ್ತೆ ಆ ಎಕ್ಸಾಸ್ಟ್ ಫ್ಯಾನು."

ಶೆಟ್ಟರ ಬಾಯಿಗೆ ಹಳೆಯ ಪದವೊಂದು ಬಂತು. ಡಬ್ಬಿಯನ್ನು ನೋಡಿ ನುಂಗಿಕೊಂಡರು. "ಸೋಮವಾರ ಇಲೆಕ್ಟ್ರಿಷಿಯನ್ನಿಗೆ ಹೇಳ್ತೇನೆ," ಎಂದರು.

ಭಾನುವಾರದ ಇಡ್ಲಿ ಹತ್ತಿಯ ಹಾಗಿತ್ತು. ಯಜ್ಞೇಶ್ವರ ಒಂಬತ್ತು ತಿಂದರು, ಉಳಿದ ಮೂವರು ಅವರನ್ನು ಮೀರಿಸಲು ಪ್ರಯತ್ನಿಸಿದರು. ವಿಡಿಯೋದಲ್ಲಿ ಶೆಟ್ಟರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಟ್ಯಾಂಕಿನ ಪಕ್ಕ ನಿಂತರು. ಗಾಜು ಹೊಳೆಯುತ್ತಿರಲಿಲ್ಲ, ಮೀನು ಹೊಳೆಯುತ್ತಿದ್ದವು.

"ಶುಚಿತ್ವ ಅಂದ್ರೆ ತಿಕ್ಕಿ ತೊಳೆಯುದು ಅಂತ ಜನ ತಿಳಿದಿದ್ದಾರೆ," ಎಂದು ಅವರು ಕ್ಯಾಮೆರಾಕ್ಕೆ ಹೇಳಿದರು. "ಅದು ತಪ್ಪು. ಫಿಲ್ಟರಿನ ಕಂದು ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವ ಉಂಟು. ಕುದಿನೀರು ಹಾಕ್ಲೇಬಾರದು. ಬದಲಿಸುದಾದ್ರೆ ಅರ್ಧ ಈಗ, ಅರ್ಧ ಮುಂದಿನ ತಿಂಗಳು. ನಮ್ಮ ಇಡ್ಲಿ ಹಿಟ್ಟಿನ ಹಾಗೆ. ಇವಳಿಗೆ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆ. ಹೆಂಗಸರಿಗೆ ಬೇಗ ಅರ್ಥ ಆಗುದಿಲ್ಲ."

ಅಶ್ಮಿತಾಳ ಗಂಟಲಲ್ಲಿ ಇಡ್ಲಿ ಸಿಕ್ಕಿಕೊಂಡಿತು.

"ಹೌದಾ ಅಕ್ಕ?" ಎಂದು ಯಜ್ಞೇಶ್ವರ ತಟ್ಟೆ ಮುಂದೆ ಹಿಡಿದರು.

"ಹೌದು. ಇವರೇ ಹೇಳಿದ್ದು," ಎಂದು ಜಯಲತಾ ಚಟ್ನಿ ಬಡಿಸಿದರು.

ಹನ್ನೆರಡನೆಯ ಫಲಕ ಸಾಕಷ್ಟು ಭಾರವಾಗಿತ್ತು. ಕಿತ್ತಳೆ ಮೀನು ಇತ್ತೀಚೆಗೆ ಮೇಲಕ್ಕೆ ಹಾರಿ ಟ್ಯಾಂಕಿನ ಮುಚ್ಚಳ ಎತ್ತುತ್ತಿತ್ತು. ಮಧ್ಯಾಹ್ನ ಜಯಲತಾ ಫಲಕವನ್ನು ಒರೆಸಿ ಮುಚ್ಚಳದ ಮೇಲೆ ಅಡ್ಡಲಾಗಿ ಮಲಗಿಸಿದರು. ಸರಿಯಾಗಿ ಕೂತಿತು.

ಸಂಜೆ ಆರೂವರೆಗೆ ಕೀರ್ತನ್ ಬಂದ. ಅಭ್ಯಾಸಬಲದಿಂದ ಸೋಫಾದೆದುರು ಒಂದು ಗಳಿಗೆ ನಿಂತು, ಆಮೇಲೆ ಡಬ್ಬಿ ಹಿಡಿದುಕೊಂಡು ಅಮ್ಮನ ಕಡೆ ಹೋದ. ಜಯಲತಾ ಸ್ಟೂಲಿನ ಮೇಲೆ ಕೂತು ಆ ದಿನದ ಎರಡನೆಯ ಚಹಾ ಕುಡಿಯುತ್ತಿದ್ದರು. ಫಿಲ್ಟರಿನಿಂದ ನೀರು ಸಣ್ಣಗೆ ಬೀಳುತ್ತಿತ್ತು.

"ಜಯಾ, ಅವನಿಗೆ ಹಿಟ್ಟು ಕೊಡು. ಹೊತ್ತಾಯ್ತು," ಎಂದರು ಶೆಟ್ಟರು.

ಜಯಲತಾ ಲೋಟದ ತಳದವರೆಗೂ ಕುಡಿದರು. ಮೀನುಗಳು ಒಂದು ಸುತ್ತು ಬಂದವು.

"ನೋಡುವ," ಎಂದರು.